ಕಳೆಯುತ್ತಲೇ ಇದ್ದ ಎಂಟು ವಾರ

ಮೂರರಿಂದ ಆರು ವರ್ಷದ ಮಕ್ಕಳ ತಾಯಂದಿರು ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಮೊದಲು ಹೇಳುವ ದೂರು ಬಹುಮಟ್ಟಿಗೆ ಒಂದೇ: ಮಗುವಿಗೆ ಹಠ ಹೆಚ್ಚಾಗಿದೆ. ಆ ಹಠ ದಿನದ ಯಾವ ಹೊತ್ತಿನಲ್ಲಿ ಬರುತ್ತದೆ, ಯಾವ ವಿಷಯಕ್ಕೆ ಬರುತ್ತದೆ ಎಂದು ಬಿಡಿಸಿ ಕೇಳುತ್ತ ಹೋದರೆ ಅನೇಕ ಸಲ ಕೊನೆಗೆ ಉಳಿಯುವುದು ‘ನಾನೇ’ ಎಂಬ ಒಂದು ಪದ. ನಾನೇ ಹಾಕ್ಕೋತೀನಿ, ನಾನೇ ಬಡಿಸ್ಕೋತೀನಿ, ನಾನೇ ಮೆಟ್ಟಿಲು ಇಳೀತೀನಿ. ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ 1950ರಲ್ಲಿ ಬಾಲ್ಯದ ಹಂತಗಳನ್ನು ವಿವರಿಸಿದಾಗ, ಎರಡು-ಮೂರು ವರ್ಷದಲ್ಲಿ ಮಗು ತನ್ನ ಇಚ್ಛೆಯಂತೆ ನಡೆಯಲು ಬಯಸುವ ಹಂತವನ್ನೂ ಅದರ ಬೆನ್ನಿಗೇ ತಾನಾಗಿ ಕೆಲಸಗಳಿಗೆ ಕೈಹಾಕುವ ಹಂತವನ್ನೂ ಗುರುತಿಸಿದರು. ಈ ವಯಸ್ಸಿನಲ್ಲಿ ಮಗುವಿನ ಪ್ರಯತ್ನವನ್ನು ಮತ್ತೆಮತ್ತೆ ತಡೆದರೆ ನಾಚಿಕೆ, ತನ್ನ ಮೇಲೆಯೇ ಸಂದೇಹ, ತಪ್ಪು ಮಾಡಿದೆನೆಂಬ ಭಾವ ಉಳಿದುಬಿಡುತ್ತವೆ ಎಂದರು. ಶಿಕ್ಷಣ ಮನೋವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಪಾಠ ಇದು. ನಾನೂ ಇದನ್ನು ಎಷ್ಟೋ ತಾಯಂದಿರಿಗೆ ಹೇಳಿ ಕಳುಹಿಸಿದ್ದೇನೆ, ಬಹಳ ಮಂದಿಗೆ ಅದರಿಂದ ಉಪಯೋಗವೂ ಆಗಿದೆ. ಈ ಒಂದು ಪ್ರಕರಣದಲ್ಲಿ ಅದನ್ನು ಹೇಳಿದ್ದು ತಪ್ಪಾಯಿತು. ಏಕೆ ತಪ್ಪಾಯಿತು ಎಂಬುದು ನನ್ನನ್ನು ಹಲವು ತಿಂಗಳು ಕಾಡಿದ್ದರಿಂದ ಬರೆಯುತ್ತಿದ್ದೇನೆ.

ಬರೆಯಲು ಆ ತಾಯಿಯ ಒಪ್ಪಿಗೆ ಇದೆ. ಅವರು ಇದನ್ನು ಓದಿ ಎರಡು ವಾಕ್ಯಗಳನ್ನು ತೆಗೆಯಲು ಹೇಳಿದರು, ತೆಗೆದಿದ್ದೇನೆ. ಹೆಸರು, ಊರು, ಉದ್ಯೋಗ, ತಾರೀಖುಗಳನ್ನು ಬದಲಿಸಿದ್ದೇನೆ. ಆದರೆ ತಾರೀಖುಗಳ ನಡುವಿನ ಅಂತರವನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣ ನಿಂತಿರುವುದೇ ಆ ಅಂತರದ ಮೇಲೆ.

ಅವರನ್ನು ಸುಮಾ ಎಂದು ಕರೆಯುತ್ತೇನೆ, ಮಗಳನ್ನು ಪುಟ್ಟಿ ಎಂದು. ಸುಮಾ ಅವರಿಗೆ ಮೂವತ್ತಾರು ವರ್ಷ, ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಪತಿ, ಅತ್ತೆ ಮತ್ತು ಈ ಒಬ್ಬಳೇ ಮಗಳು. 2025ರ ಏಪ್ರಿಲ್ ಮೂರನೆಯ ವಾರದಲ್ಲಿ ಅವರು ಮೊದಲ ಸಲ ಬಂದಾಗ ಪುಟ್ಟಿಯ ಐದನೆಯ ಹುಟ್ಟುಹಬ್ಬ ಕಳೆದು ಒಂದು ವಾರವಾಗಿತ್ತು. ಮಗಳಿಗೆ ಹುಟ್ಟುಹಬ್ಬದ ದಿನದಿಂದ ವಿಪರೀತ ಹಠ ಬಂದಿದೆ, ಕರೆದರೆ ಬರುವುದಿಲ್ಲ, ಸ್ನಾನಕ್ಕೂ ಊಟಕ್ಕೂ ‘ನೀನು ಬೇಡ, ಅಜ್ಜಿ ಬರಲಿ’ ಎನ್ನುತ್ತಾಳೆ ಎಂಬುದು ಅವರ ದೂರು. ರಾತ್ರಿ ತಮಗೆ ನಿದ್ರೆ ಬರುತ್ತಿಲ್ಲ ಎಂಬುದನ್ನು ಎದ್ದು ಹೊರಡುವಾಗ, ಬಾಗಿಲ ಬಳಿ ನಿಂತು, ಸಣ್ಣ ವಿಷಯವೆಂಬಂತೆ ಹೇಳಿದರು.

ಹುಟ್ಟುಹಬ್ಬದ ಸಂಜೆ ನಡೆದದ್ದು ಇಷ್ಟು. ಬೆಳಿಗ್ಗೆ ಎಣ್ಣೆನೀರು, ದೇವಸ್ಥಾನ ಎಲ್ಲ ಸಾಂಗವಾಗಿ ಆಗಿತ್ತು. ಸಂಜೆ ಅಕ್ಕಪಕ್ಕದವರು, ನೆಂಟರು ಸೇರಿ ಇಪ್ಪತ್ತು ಜನ. ಆರತಿಗೆ ಮೊದಲು ಪುಟ್ಟಿ ಹೊಸ ಫ್ರಾಕು ಹಿಡಿದುಕೊಂಡು ಕೋಣೆಗೆ ಹೋಗಿ ಚಿಲಕ ಹಾಕಲು ಎಟುಕದೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ತಾನೇ ತೊಟ್ಟುಕೊಂಡಳು. ಮುಂದೆ ಆರು ಗುಂಡಿಗಳಿದ್ದ ಫ್ರಾಕು. ಮೊದಲನೆಯ ಗುಂಡಿಯನ್ನು ಎರಡನೆಯ ಕಾಜಕ್ಕೆ ಹಾಕಿಕೊಂಡಿದ್ದರಿಂದ ಉಳಿದವೆಲ್ಲ ಒಂದೊಂದು ಜಾರಿ, ಕುತ್ತಿಗೆಯ ಬಳಿ ಒಂದು ಕಡೆ ಬಟ್ಟೆ ಮೇಲೆದ್ದು, ಕೆಳಗೆ ಒಂದು ಗುಂಡಿ ಒಂಟಿಯಾಗಿ ಉಳಿದಿತ್ತು. ಮಗು ಹೊರಗೆ ಬಂದು ಎಲ್ಲರ ನಡುವೆ ನಿಂತಿತು. ಸುಮಾ ನಗುತ್ತಲೇ ಹತ್ತಿರ ಕರೆದು, ಮಂಡಿಯೂರಿ, ಆರೂ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದರು. ಅರ್ಧ ನಿಮಿಷದ ಕೆಲಸ. ಪುಟ್ಟಿ ಅಳಲಿಲ್ಲ, ಫ್ರಾಕನ್ನು ಮೇಲಕ್ಕೆಳೆದು ಪೂರ್ತಿ ತೆಗೆದುಹಾಕಿ, ಶಿಮ್ಮೀಸಿನಲ್ಲೇ ಅಜ್ಜಿಯ ಹಿಂದೆ ಹೋಗಿ ನಿಂತು, ‘ನಾನೇ ಹಾಕಿದ್ದೆ, ನೀನು ತೆಗೆದುಬಿಟ್ಟೆ’ ಎಂದಳು. ಆರತಿ ಶಿಮ್ಮೀಸಿನಲ್ಲೇ ಆಯಿತು. ಆ ಫೋಟೋಗಳನ್ನು ಸುಮಾ ಯಾರಿಗೂ ಕಳುಹಿಸಿಲ್ಲ.

ನಾನು ಆ ದಿನ ಪಾಠವನ್ನು ಹೇಳಿದೆ. ಐದು ವರ್ಷಕ್ಕೆ ಮಕ್ಕಳು ಕೆಲವು ಗುಂಡಿಗಳನ್ನಾದರೂ ತಾವೇ ಹಾಕಿಕೊಳ್ಳುತ್ತಾರೆ, ನಾಲ್ಕಕ್ಕೇ ದೊಡ್ಡವರ ಕಣ್ಣೆದುರು ನೀರು ಬಗ್ಗಿಸಿಕೊಳ್ಳುತ್ತಾರೆ, ಹೀಗಿರುವಾಗ ಐದು ತುಂಬಿದ ಮಗುವಿಗೆ ಮೂರು ಹೊತ್ತೂ ತಿನ್ನಿಸುವ ಅಗತ್ಯವಿಲ್ಲ ಎಂದೆ. ಮಗು ತಾನೇ ಮಾಡಬೇಕಾದ ಏಳು ಕೆಲಸಗಳ ಪಟ್ಟಿಯನ್ನು ಇಬ್ಬರೂ ಸೇರಿ ಮಾಡಿದೆವು. ಮಾಡಿದ ದಿನ ಗುರುತು ಹಾಕಬೇಕು, ಎರಡು ವಾರ ನೋಡೋಣ ಎಂದು ಕಳುಹಿಸಿದೆ.

ಎರಡು ವಾರದ ನಂತರ ಪಟ್ಟಿ ಬಂತು. ಸ್ಕೇಲಿಟ್ಟು ಗೆರೆ ಎಳೆದ ಕಾಗದ, ಹದಿನಾಲ್ಕು ದಿನ, ಏಳು ಕೆಲಸ, ಒಂದು ಚೌಕವೂ ಖಾಲಿ ಇಲ್ಲ. ಆದರೆ ಪುಟ್ಟಿ ಈಗ ಮಂಚದ ಕೆಳಗೆ ನುಸುಳಿ, ಅಲ್ಲಿ ಮಲಗಿಕೊಂಡೇ ಗುಂಡಿ ಹಾಕಿಕೊಳ್ಳತೊಡಗಿದ್ದಳು. ಏಕೆ ಎಂದು ಕೇಳಿದರೆ ‘ಅಮ್ಮ ನೋಡ್ತಾಳೆ’ ಎಂದಳಂತೆ. ಅದನ್ನು ಕೇಳಿದಾಗಲೇ ನನ್ನ ಸಲಹೆ ಎಲ್ಲಿಯೋ ಅಡಿತಪ್ಪಿದೆ ಎಂದು ನನಗೆ ಅನ್ನಿಸಿತು. ತಿನ್ನಿಸುವ ಕೈಯನ್ನು ಹಿಂದೆಗೆದುಕೊಳ್ಳಿ ಎಂದು ಹೇಳಿ, ಅದರ ಬದಲಿಗೆ ಕಾವಲು ಕಾಯುವ ಕಣ್ಣನ್ನು ನಾನೇ ಅವರಿಗೆ ಕೊಟ್ಟಿದ್ದೆ. ಪಟ್ಟಿ ತುಂಬುವುದು ಕಷ್ಟವಾಯಿತೇ ಎಂದು ಕೇಳಿದೆ. ‘ಇಲ್ಲ ಮೇಡಂ, ನಾನು ಮೊದಲಿಂದಲೂ ಬರೀತೀನಲ್ಲ’ ಎಂದರು. ಏನು ಬರೆಯುತ್ತೀರಿ ಎಂದೆ. ಮುಂದಿನ ಸಲ ತನ್ನಿ ಎಂದೆ.

ಮೂರನೆಯ ಭೇಟಿಗೆ ಸುಮಾ ಎರಡು ನೋಟ್‌ಬುಕ್ ತಂದರು. ಮನೆಯಲ್ಲಿ ಇಂಥವು ಒಂಬತ್ತು ಇವೆ, ಮೊದಲನೆಯದನ್ನೂ ಈಗ ಬರೆಯುತ್ತಿರುವುದನ್ನೂ ತಂದಿದ್ದೇನೆ ಎಂದರು. ಮೊದಲನೆಯದು ಸಾಮಾನ್ಯ ನೂರು ಪುಟದ ಪುಸ್ತಕ, ರಟ್ಟು ಮೆತ್ತಗಾಗಿ ಮೂಲೆಗಳು ಸುತ್ತಿಕೊಂಡಿದ್ದವು. ಮೊದಲ ಪುಟದ ಮೇಲ್ಭಾಗದಲ್ಲಿ 10-4-2020, ಬೆಳಗಿನ ಜಾವ 4.20, 1,640 ಗ್ರಾಂ ಎಂದಿತ್ತು. ಅದರ ಕೆಳಗೆ 5-6-2020 ಎಂದು ಬರೆದು, ಅದರ ಸುತ್ತ ಎರಡು ಸುತ್ತು ಗೆರೆ ಎಳೆದಿತ್ತು. ಮುಂದಿನ ಪುಟಗಳಲ್ಲಿ ನಾಲ್ಕು ಅಂಕಣ: ಹೊತ್ತು, ಎಷ್ಟು ಮಿಲಿಲೀಟರ್, ಯಾವುದರಲ್ಲಿ, ತೂಕ. ಮೂರನೆಯ ಅಂಕಣದಲ್ಲಿ ಮೊದಮೊದಲು ‘ಟ್ಯೂಬ್’, ಹಲವು ಪುಟಗಳ ನಂತರ ‘ಒಳಲೆ’. ತೂಕದ ಅಂಕಣ 1,640ರಿಂದ ಇಳಿದು 1,510ಕ್ಕೆ ಬಂದು, ಅಲ್ಲಿ ಎರಡು ದಿನ ನಿಂತು, ಮತ್ತೆ ಹತ್ತು ಗ್ರಾಂ, ಹದಿನೈದು ಗ್ರಾಂ ಹೀಗೆ ಏರಿತ್ತು.

ಪುಟ್ಟಿ ಮೂವತ್ತೆರಡು ವಾರಕ್ಕೇ, ಎಂಟು ವಾರ ಮೊದಲು, ಹುಟ್ಟಿದ ಮಗು ಎಂಬುದು ನನಗೆ ಆಗ ತಿಳಿಯಿತು. ಮೊದಲ ಭೇಟಿಯಲ್ಲಿ ಹೆರಿಗೆ ಹೇಗಾಯಿತು ಎಂದು ನಾನು ಕೇಳಿದ್ದಕ್ಕೆ ‘ನಾರ್ಮಲ್’ ಎಂದಿದ್ದರು, ನಾನು ಅಷ್ಟಕ್ಕೇ ಬಿಟ್ಟಿದ್ದೆ. ಹುಟ್ಟಿದ ದಿನದ ಬಗ್ಗೆ ಒಂದು ಪದದ ಉತ್ತರ ಬಂದರೆ ಅಲ್ಲಿಗೆ ನಿಲ್ಲಬಾರದು ಎಂಬುದನ್ನು ಈ ಕ್ಷೇತ್ರಕ್ಕೆ ಬರುವ ಕಿರಿಯರಿಗೆ ಹೇಳಲು ಬಯಸುತ್ತೇನೆ. ಅದು 2020ರ ಏಪ್ರಿಲ್. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಪತಿ ಪುಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆಸ್ಪತ್ರೆಯಲ್ಲಿ ಸುಮಾ ಒಂದು ಮಹಡಿಯಲ್ಲಿ, ಮಗು ಇನ್ನೊಂದು ಮಹಡಿಯಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ. ಸೋಂಕಿನ ಭಯದಿಂದ ತಾಯಂದಿರನ್ನೂ ಒಳಗೆ ಬಿಡುತ್ತಿರಲಿಲ್ಲ. ಮೂರು ಹೊತ್ತು ಹಾಲು ಹಿಂಡಿ ಬಟ್ಟಲಿಗೆ ಹೆಸರು ಅಂಟಿಸಿ ಕಳುಹಿಸುವುದು, ದಿನಕ್ಕೆರಡು ಸಲ ನರ್ಸ್ ಫೋನಿನಲ್ಲಿ ಹೇಳುವ ಅಂಕಿಗಳನ್ನು ಬರೆದುಕೊಳ್ಳುವುದು, ಇವೆರಡೇ ತಾಯಿಯಾಗಿ ಅವರು ಮಾಡಬಹುದಾಗಿದ್ದ ಕೆಲಸ. ಮೂರನೆಯ ದಿನ ಗಾಜಿನಾಚೆಯಿಂದ ನೋಡಿದರು, ಹನ್ನೊಂದನೆಯ ದಿನ ಎತ್ತಿಕೊಂಡರು, ಇಪ್ಪತ್ತನಾಲ್ಕನೆಯ ದಿನ ಮನೆಗೆ ಕರೆತಂದರು. ಪತಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪಾಸು ಪಡೆದು ಬಂದು, ಕ್ವಾರಂಟೈನ್ ಮುಗಿಸಿ ಮಗುವನ್ನು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಮಗುವಿಗೆ ಐವತ್ತು ದಿನವಾಗಿತ್ತು.

ಇದನ್ನೆಲ್ಲ ಅವರು ಅಳದೆ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು. ನಾನು ಎರಡನೆಯ ಪುಸ್ತಕವನ್ನು ತೆರೆದೆ. ಅದೇ ಅಂಕಣಗಳು, ಮಿಲಿಲೀಟರಿನ ಜಾಗದಲ್ಲಿ ಈಗ ಇಡ್ಲಿ, ಚಪಾತಿ, ಚಮಚ. ಹುಟ್ಟುಹಬ್ಬದ ಪುಟವನ್ನು ಹುಡುಕಿದೆ. ಬೆಳಿಗ್ಗೆ 8.30, ಇಡ್ಲಿ ಎರಡು. 11ಕ್ಕೆ ಎಳನೀರು ಅರ್ಧ ಲೋಟ. ಮಧ್ಯಾಹ್ನ 1.15, ಅನ್ನ-ಸಾರು, ಪಾಯಸ ನಾಲ್ಕು ಚಮಚ. ‘ರಾತ್ರಿ’ ಎಂದು ಬರೆದು ಮುಂದೆ ಏನೂ ಇರಲಿಲ್ಲ. ನಾನು ಹಿಂದಿನ ಪುಟಗಳನ್ನು ತಿರುವಿದೆ. ಅಂಥ ಖಾಲಿ ಎಲ್ಲಿಯೂ ಕಾಣಲಿಲ್ಲ.

‘ಹುಟ್ಟುಹಬ್ಬದ ರಾತ್ರಿ ಪುಟ್ಟಿ ಊಟ ಮಾಡಲಿಲ್ಲವೇ?’ ಎಂದು ಕೇಳಿದೆ.

‘ಮಾಡಿದಳು ಮೇಡಂ. ಅವರಜ್ಜಿ ಪಕ್ಕ ಕೂತು ಬಿಸಿಬೇಳೆಬಾತು ತಾನೇ ತಿಂದಳು. ಎರಡನೇ ಸಲ ಹಾಕಿಸಿಕೊಂಡಳು.’

‘ಇಲ್ಲಿ ಖಾಲಿ ಇದೆಯಲ್ಲ?’

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಾನು ತಿನ್ನಿಸಲಿಲ್ಲವಲ್ಲ’ ಎಂದರು.

ಹೇಳಿದ ಮಾತು ಅವರಿಗೇ ಕೇಳಿಸಿತು ಎಂದು ತೋರುತ್ತದೆ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಪುಟವನ್ನು ತಾವೇ ನೋಡುತ್ತ ಕುಳಿತರು. ಮಗು ಏನು ತಿಂದಿತು ಎಂಬ ದಾಖಲೆ ಅದು ಎಂದು ಅವರೂ ನಂಬಿದ್ದರು. ಆದರೆ ಮಗು ಹೊಟ್ಟೆತುಂಬ ತಿಂದ ಒಂದು ಊಟ ಅದರಲ್ಲಿ ಸೇರಿರಲಿಲ್ಲ. ನಾನು ಏನೂ ವಿವರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ಮೊದಲ ಪುಸ್ತಕದಲ್ಲಿ ಸುತ್ತು ಹಾಕಿದ್ದ ತಾರೀಖಿನ ಮೇಲೆ ಬೆರಳಿಟ್ಟು ಇದೇನು ಎಂದು ಮಾತ್ರ ಕೇಳಿದೆ.

‘ಅದು ಡ್ಯೂ ಡೇಟು. ಅವಳು ಹುಟ್ಟಬೇಕಾಗಿದ್ದ ದಿನ. ಪ್ರತಿ ವರ್ಷ ಅವತ್ತು ಒಂದು ದೀಪ ಹಚ್ಚುತ್ತೀನಿ. ಯಾರಿಗೂ ಹೇಳಿಲ್ಲ.’ ಆಮೇಲೆ ಹೇಳಿದ ಮಾತನ್ನು ನಾನು ಅದೇ ಸಂಜೆ ಬರೆದಿಟ್ಟುಕೊಂಡೆ. ‘ಎಲ್ಲರೂ ಐದು ತುಂಬಿತು, ಐದು ತುಂಬಿತು ಅಂತಾರೆ. ನೀವೂ ಅಂದ್ರಿ. ಇನ್ನೂ ತುಂಬಿಲ್ಲ ಮೇಡಂ. ಸರಿಯಾಗಿ ಲೆಕ್ಕ ಹಾಕಿದರೆ ಅವಳಿಗೆ ಅವತ್ತು ನಾಲ್ಕು ವರ್ಷ ಹತ್ತು ತಿಂಗಳು.’

ನಮ್ಮ ಮನೆಗಳಲ್ಲಿ ಮಕ್ಕಳ ಹುಟ್ಟಿದ ದಿನವನ್ನು ನಕ್ಷತ್ರಕ್ಕೊಮ್ಮೆ, ತಾರೀಖಿಗೊಮ್ಮೆ ಎರಡು ಸಲ ಆಚರಿಸುವುದು ಹೊಸದಲ್ಲ. ಸುಮಾ ಮೂರನೆಯ ದಿನವೊಂದನ್ನು ತಮ್ಮೊಳಗೆ ಬಚ್ಚಿಟ್ಟುಕೊಂಡು ಅದರಿಂದಲೇ ಮಗಳ ವಯಸ್ಸನ್ನು ಎಣಿಸುತ್ತಿದ್ದರು. ಈ ಕಳೆಯುವ ಲೆಕ್ಕವನ್ನು ಅವರು ಎಲ್ಲಿಂದಲೋ ಕಲ್ಪಿಸಿಕೊಂಡದ್ದಲ್ಲ. ಮೂವತ್ತೇಳು ವಾರಕ್ಕೆ ಮೊದಲು ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ಅಂಥ ಮಗು ಯಾವಾಗ ಕತ್ತು ನಿಲ್ಲಿಸಬೇಕು, ಯಾವಾಗ ಕೂರಬೇಕು ಎಂದು ನೋಡುವಾಗ, ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆಯಬೇಕೆಂದು ಅವರೇ ಹೇಳಿಕೊಡುತ್ತಾರೆ. ಇಲ್ಲದಿದ್ದರೆ ಚೆನ್ನಾಗಿಯೇ ಬೆಳೆಯುತ್ತಿರುವ ಮಗು ಹಿಂದುಳಿದಂತೆ ಕಂಡು ತಂದೆತಾಯಿ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಎರಡು ವರ್ಷ ತುಂಬುವವರೆಗೆ ಈ ಲೆಕ್ಕ, ಆಮೇಲೆ ಬಿಡುತ್ತಾರೆ. ಹಾಲಿನ ಲೆಕ್ಕವೂ ಹಾಗೆಯೇ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ ಸುಮಾರು ಮೂವತ್ತನಾಲ್ಕು ವಾರದ ಹೊತ್ತಿಗೆ ಬರುವುದರಿಂದ ಅದಕ್ಕೂ ಮೊದಲು ಹುಟ್ಟಿದವಕ್ಕೆ ಮೊದಲು ಕೊಳವೆಯಲ್ಲಿ, ಆಮೇಲೆ ಒಳಲೆಯಲ್ಲಿ ಹಾಲು ಕೊಡಬೇಕಾಗುತ್ತದೆ. ಆ ದಿನಗಳಲ್ಲಿ ಮೂರು ಮಿಲಿಲೀಟರ್ ಹೆಚ್ಚೋ ಕಡಿಮೆಯೋ ಎಂಬುದು ನಿಜಕ್ಕೂ ಮುಖ್ಯ. ಅಂದರೆ ಸುಮಾ ಮಾಡಿದ್ದೆಲ್ಲವೂ ಆ ಕಾಲಕ್ಕೆ ಸರಿಯಾಗಿತ್ತು, ಮಗು ಉಳಿದು ಬೆಳೆದದ್ದರಲ್ಲಿ ಆ ಎಚ್ಚರದ ಪಾಲೂ ಇತ್ತು.

‘ಕಳೆಯಲು ಯಾರು ಹೇಳಿದರು?’ ಎಂದೆ. ‘ಡಾಕ್ಟರು.’ ‘ಎಲ್ಲಿಯವರೆಗೆ ಎಂದು ಹೇಳಿದ್ದರೇ?’ ಅವರು ಯೋಚಿಸಿದರು. ‘ಹೇಳಿರಬಹುದು. ನನಗೆ ಕೇಳಿಸಲಿಲ್ಲವೇನೋ.’

ನನ್ನ ನಂಬಿಕೆ ಏನೆಂದರೆ, ಬಿಡುಗಡೆಯಾಗುವಾಗ ಮಗುವಿನ ಕೈಗೆ ಸಿಗುವ ಡಿಸ್ಚಾರ್ಜ್ ಕಾಗದ ತಾಯಿಗೆ ಸಿಗುವುದಿಲ್ಲ. ಮಗು ಪಾರಾಯಿತು ಎಂದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹಿಂತಿರುಗುತ್ತಾರೆ, ತಾಯಿಯ ಕಾವಲು ಮಾತ್ರ ಹಾಗೆಯೇ ಮುಂದುವರಿಯುತ್ತದೆ. ಆ ಕಾವಲು ಸಾಕು, ಅಪಾಯ ಕಳೆಯಿತು ಎಂದು ಯಾರೂ ಬಂದು ಹೇಳುವುದಿಲ್ಲ. ಅಂಥ ತಾಯಿಯ ಎದುರು ಕುಳಿತು ‘ಮಗುವನ್ನು ಬಿಟ್ಟುಬಿಡಿ, ಸ್ವತಂತ್ರವಾಗಿ ಬೆಳೆಯಲಿ’ ಎಂದು ಹೇಳುವುದು ನನಗೆ ಈಗ ಕ್ರೂರವಾಗಿ ಕಾಣುತ್ತದೆ; ಬಿಟ್ಟರೆ ಏನಾಗುತ್ತದೆ ಎಂಬುದನ್ನು ಆಕೆ ಗಾಜಿನಾಚೆ ನಿಂತು ನೋಡಿದ್ದಾರೆ. ಪ್ರತಿ ಏಪ್ರಿಲ್ ಬಂದಾಗ ಮನೆಯವರು ಬಲೂನು ಕಟ್ಟುತ್ತಿದ್ದರೆ ಅವರಿಗೆ ಆ ಬೆಳಗಿನ ಜಾವ ಮರಳಿ ಬರುತ್ತಿತ್ತು. ಹುಟ್ಟುಹಬ್ಬದ ಸಂಜೆ ಆ ಬೆರಳುಗಳು ಬಿಚ್ಚಿ ಹಾಕಿದ್ದು ಗುಂಡಿಗಳನ್ನೇ ಆದರೂ, ಅವರ ಮನಸ್ಸು ಮಾಡುತ್ತಿದ್ದ ಕೆಲಸ ಬೇರೆಯೇ ಆಗಿತ್ತು.

ಇನ್ನು ಕೊಟ್ಟ ಸಲಹೆ. ಮೊದಲನೆಯದಾಗಿ ನನ್ನ ಪಟ್ಟಿಯನ್ನು ಹಿಂದಕ್ಕೆ ಪಡೆದೆ. ಹೊಸದಾಗಿ ಏನನ್ನೂ ಬರೆಯುವ ಕೆಲಸ ಕೊಡಲಿಲ್ಲ. ನೋಟ್‌ಬುಕ್ಕುಗಳನ್ನು ಎಸೆಯಬೇಕಾಗಿಲ್ಲ, ಸುಡಬೇಕಾಗಿಲ್ಲ; ಆದರೆ ಜೂನ್ 5ರ ಒಳಗೆ ಮೊದಲ ಪುಸ್ತಕವನ್ನು, ಮೊದಲ ಪುಟದಿಂದ ಮನೆಗೆ ಬಂದ ದಿನದವರೆಗೆ, ಪತಿಗೆ ಗಟ್ಟಿಯಾಗಿ ಓದಿ ಹೇಳಬೇಕು ಎಂದೆ. ಆ ಇಪ್ಪತ್ತನಾಲ್ಕು ದಿನಗಳಲ್ಲಿ ಏನು ನಡೆಯಿತು ಎಂಬುದನ್ನು ಪತಿ ಐದು ವರ್ಷದಲ್ಲಿ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಅವರು ವಿಡಿಯೋ ಕರೆಯಲ್ಲಿ ಕಂಡದ್ದಷ್ಟೇ. ಒಬ್ಬರೇ ಹೊತ್ತಿರುವ ನೆನಪನ್ನು ಇಳಿಸಲು ಎರಡನೆಯ ಕೈ ಬೇಕು, ಅದು ಸಲಹೆಗಾರರ ಕೈಗಿಂತ ಮಗುವಿನ ತಂದೆಯ ಕೈ ಆದರೆ ಒಳ್ಳೆಯದು ಎಂದು ನಾನು ನಂಬುತ್ತೇನೆ. ಓದಿ ಮುಗಿದ ಮೇಲೆ ಆ ವರ್ಷದ ಜೂನ್ 5ರ ದೀಪವನ್ನು ಇಬ್ಬರೂ ಸೇರಿ ಹಚ್ಚಲಿ ಎಂದೆ.

ಎರಡನೆಯದು, ಪುಟ್ಟಿಯ ಬಳಿ ಒಂದು ಮಾತು ಹೇಳಬೇಕು: ‘ಅವತ್ತು ನೀನು ಹಾಕಿಕೊಂಡಿದ್ದ ಗುಂಡಿಯನ್ನು ನಾನು ಬಿಚ್ಚಬಾರದಿತ್ತು.’ ಇಷ್ಟೇ, ಕಾರಣ ಬೇಡ, ‘ಆದರೆ’ ಬೇಡ. ಇದನ್ನು ಕೇಳಿ ಸುಮಾ ಅವರ ಅತ್ತೆಗೆ ಅಸಮಾಧಾನವಾಯಿತು. ನಂತರದ ಭೇಟಿಗೆ ಅವರೂ ಬಂದು, ‘ಐದು ವರ್ಷದ ಮಗುವಿನ ಮುಂದೆ ಹೆತ್ತವಳು ತಪ್ಪಾಯ್ತು ಅನ್ನೋದೇನಮ್ಮ? ನಾಳೆ ತಲೆ ಮೇಲೆ ಕೂರಲ್ವಾ?’ ಎಂದು ನನ್ನನ್ನು ನೇರವಾಗಿ ಕೇಳಿದರು. ಅವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಂದು ಆ ಮಗು ಇಪ್ಪತ್ತು ಜನರ ಎದುರು ನಿಂತು ತೋರಿಸಿದ್ದು ತಾನು ಮಾಡಿದ ಕೆಲಸವನ್ನು, ಬಿಚ್ಚಿದ್ದೂ ಆ ಇಪ್ಪತ್ತು ಜನರ ಎದುರಿಗೇ. ದೊಡ್ಡವರಾದ ನಮಗೆ ಕಚೇರಿಯಲ್ಲಿ ಹೀಗಾದರೆ ವಾರಗಟ್ಟಲೆ ಮರೆಯುವುದಿಲ್ಲ. ಮಗು ಬಿದ್ದರೆ, ಸುಟ್ಟುಕೊಂಡರೆ ಎಂಬಲ್ಲಿ ತಾಯಿಯ ಮಾತು ನಡೆಯಬೇಕು. ಓರೆಯಾದ ಗುಂಡಿಯಲ್ಲಿ ಯಾರಿಗೂ ಅಪಾಯವಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡುವುದನ್ನೇ ನಾನು ಆ ಅಜ್ಜಿಗೆ ಹೇಳಿದ್ದು. ಅವರು ಒಪ್ಪಿದರೆಂದು ಹೇಳಲಾರೆ. ಕಾಫಿ ಕುಡಿದು, ಒಳ್ಳೆಯದಾಗಲಿ ಎಂದು ಹೇಳಿ ಹೋದರು.

ಮೂರನೆಯದು ಊಟ. ಇಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ, ಅದನ್ನು ಸಮರ್ಥಿಸಿಕೊಳ್ಳಬೇಕಾದ ಪ್ರಸಂಗವೂ ಆಗಾಗ ಬರುತ್ತದೆ. ಕೈತುತ್ತು ಕೊಡುವುದನ್ನು ನಿಲ್ಲಿಸಿ ಎಂದು ನಾನು ಯಾವ ತಾಯಿಗೂ ಹೇಳುವುದಿಲ್ಲ. ಬೆಳದಿಂಗಳಲ್ಲಿ ತಾರಸಿಯ ಮೇಲೆ ಸುತ್ತ ಕೂತ ಮಕ್ಕಳಿಗೂ ಮದುವೆಯಾದ ಮಗನಿಗೂ ಮೊಮ್ಮಗನಿಗೂ ಒಂದೇ ಪಾತ್ರೆಯಿಂದ ಕಲಸಿ ತುತ್ತು ಹಾಕುವ ಅಜ್ಜಿಯ ಕೈಯನ್ನು ‘ಸ್ವಾವಲಂಬನೆಗೆ ಅಡ್ಡಿ’ ಎಂದು ಕರೆಯುವ ಶಾಸ್ತ್ರ ನನಗೆ ಬೇಡ. ಅಲ್ಲಿ ತುತ್ತು ಕೊಡುವುದು ಸಂತೋಷಕ್ಕೆ, ತಿನ್ನದಿದ್ದರೆ ಸಾಯುತ್ತಾರೆಂಬ ಭಯಕ್ಕಲ್ಲ. ಆದ್ದರಿಂದ ಸುಮಾ ಅವರಿಗೆ ಹೇಳಿದ್ದು, ದಿನದ ಊಟವನ್ನು ಪುಟ್ಟಿ ತಾನೇ ಮಾಡಲಿ, ಭಾನುವಾರದ ರಾತ್ರಿ ಮನೆಮಂದಿಗೆಲ್ಲ, ಪತಿಗೂ ಸೇರಿಸಿ, ನೀವು ಕೈತುತ್ತು ಹಾಕಿ ಎಂದು. ಉಳಿದ ದಿನಗಳಲ್ಲಿ ಮಗು ಉಣ್ಣುವಾಗ ಎದ್ದು ಹೋಗಬೇಡಿ, ಎದುರಿಗೆ ಕುಳಿತು ಕಾಯಲೂ ಬೇಡಿ; ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸಿ. ಇದು ಹೊತ್ತು ಕಳೆಯುವ ಉಪಾಯವೆಂದು ಅವರು ತಿಳಿದಂತಿತ್ತು, ಹಾಗಾಗಿ ಕಾರಣ ಹೇಳಿದೆ. ಇಂಗ್ಲೆಂಡಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1958ರಲ್ಲಿ ಬರೆದ ಲೇಖನವೊಂದರಲ್ಲಿ, ಒಬ್ಬನೇ ಇರಬಲ್ಲ ಶಕ್ತಿ ಮಗುವಿಗೆ ಬರುವುದು ತಾಯಿ ಹತ್ತಿರವಿದ್ದಾಗಲೇ ಎಂದು ವಿವರಿಸಿದ್ದಾರೆ. ತಾಯಿ ಇದ್ದಾಳೆ, ಆದರೆ ತನ್ನಿಂದ ಏನನ್ನೂ ಬಯಸುತ್ತಿಲ್ಲ, ಈ ನೆಮ್ಮದಿಯಲ್ಲಿ ಮಗು ತನ್ನ ಕೆಲಸದಲ್ಲಿ ಮುಳುಗುತ್ತದೆ. ನಮ್ಮ ಹಿತ್ತಿಲುಗಳಲ್ಲಿ, ಅಡುಗೆಮನೆಗಳಲ್ಲಿ ಹಿಂದೆ ತಾಯಂದಿರಿಗೆ ಬಿಡುವಿಲ್ಲದ ಕೆಲಸವಿದ್ದುದರಿಂದ ಇದು ತಾನಾಗಿ ಒದಗುತ್ತಿತ್ತು; ಒಂದೇ ಮಗು, ಎದುರಿಗೇ ಕುಳಿತ ತಾಯಿ ಎಂಬ ಮನೆಯಲ್ಲಿ ಅದನ್ನು ನಾವೇ ಒದಗಿಸಬೇಕಾಗಿದೆ.

ನಾಲ್ಕನೆಯದು ಶಾಲೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮದ ಚರ್ಚೆ ಆ ಏಪ್ರಿಲ್‌ನಲ್ಲಿ ಎಲ್ಲ ಮನೆಗಳಲ್ಲೂ ನಡೆಯುತ್ತಿತ್ತು. ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು. ಪುಟ್ಟಿ ಯುಕೆಜಿಗೆ ಹೋಗಬೇಕಾದವಳು. ಮುಂದಿನ ಜೂನ್ 1ಕ್ಕೆ ಅವಳಿಗೆ ಆರು ತುಂಬಿ ಒಂದೂವರೆ ತಿಂಗಳಿಗೂ ಹೆಚ್ಚಾಗಿರುತ್ತದೆ, ಯಾರ ಸಡಿಲಿಕೆಯೂ ಬೇಕಾಗಿಲ್ಲ. ಸುಮಾ ಅವರ ಲೆಕ್ಕದಲ್ಲಿ ಮಾತ್ರ ನಾಲ್ಕು ದಿನ ಕಡಿಮೆ ಬೀಳುತ್ತಿತ್ತು. ಆದ್ದರಿಂದ ಇನ್ನೊಂದು ವರ್ಷ ಎಲ್‌ಕೆಜಿಯಲ್ಲೇ ಇರಿಸಬೇಕೆಂದು ನಿರ್ಧರಿಸಿ, ಕಾರಣ ಹೇಳದೆ ಮನೆಯಲ್ಲಿ ಜಗಳವಾಡುತ್ತಿದ್ದರು. ಬಹಳ ಬೇಗ ಹುಟ್ಟಿದ ಕೆಲವು ಮಕ್ಕಳಿಗೆ ಕಲಿಕೆಯಲ್ಲಿ ಹೆಚ್ಚಿನ ಸಮಯ ಬೇಕಾಗಬಹುದು, ಹಾಗಾಗಿ ಅವರ ಚಿಂತೆಯನ್ನು ತೆಗೆದುಹಾಕುವಂತಿಲ್ಲ. ಆದರೆ ಅದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬಾರದು, ಮಗುವನ್ನು ನೋಡಿ ತೀರ್ಮಾನಿಸಬೇಕು ಎಂದೆ. ಮಕ್ಕಳ ವೈದ್ಯರು ಪುಟ್ಟಿಯ ಮಾತು, ನಡಿಗೆ, ಕಣ್ಣು, ಕಿವಿ, ಕೈಕೆಲಸ ಎಲ್ಲವನ್ನೂ ನೋಡಿ ವಯಸ್ಸಿಗೆ ತಕ್ಕ ಬೆಳವಣಿಗೆ ಇದೆ ಎಂದರು.

ನನ್ನ ಸಹೋದ್ಯೋಗಿಯೊಬ್ಬರು ಈ ಪ್ರಕರಣ ಕೇಳಿ, ಇದು ಆಘಾತದ ಪ್ರಕರಣ, ನೀವು ಸೊಪ್ಪು ಬಿಡಿಸಿ ಎಂದು ಹೇಳಿ ಕಳುಹಿಸಿದ್ದೀರಿ ಎಂದು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ. ನಿದ್ರೆ ಕೆಟ್ಟಿದ್ದರಿಂದ ನಾನು ಅವರನ್ನು ಮೂರನೆಯ ಭೇಟಿಯ ನಂತರ ಮನೋವೈದ್ಯರ ಬಳಿಗೆ ಕಳುಹಿಸಿದ್ದೆ. ಸದ್ಯಕ್ಕೆ ಔಷಧಿ ಬೇಡ, ಆಪ್ತಸಲಹೆ ಮುಂದುವರಿಯಲಿ, ಮತ್ತೆ ಬಂದು ತೋರಿಸಿ ಎಂದು ಅವರು ತಿಳಿಸಿದರು. ಹೆರಿಗೆಯ ನೆನಪು ಹಗಲಿನಲ್ಲೂ ಕಣ್ಣೆದುರು ಬಂದು ನಿಲ್ಲುವುದು, ಆಸ್ಪತ್ರೆಯ ರಸ್ತೆಯಲ್ಲಿ ಹೋಗಲಾಗದಿರುವುದು, ಬದುಕು ಬೇಡವೆನ್ನಿಸುವುದು ಇಂಥ ಲಕ್ಷಣಗಳಿದ್ದರೆ ಮನೆಯ ಉಪಾಯಗಳಲ್ಲಿ ಕಾಲ ಕಳೆಯಬಾರದು, ಮನೋವೈದ್ಯರನ್ನು ಕಾಣಲೇಬೇಕು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲುರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೂ ನಾನು ಈ ತಾಯಿಗೆ ಮೊದಲು ಬೇಕಾದದ್ದು ರೋಗದ ಹೆಸರು ಎಂದು ಭಾವಿಸಲಿಲ್ಲ, ಇಂದಿಗೂ ಭಾವಿಸುವುದಿಲ್ಲ. ಅವರ ಕಾವಲಿನಿಂದ ಮಗು ಉಳಿಯಿತು ಎಂದು ಯಾರಾದರೂ ಗುರುತಿಸಿ ಹೇಳಬೇಕಿತ್ತು. ಅದನ್ನು ಹೇಳಿದ ಮೇಲೆಯೇ ಕಾವಲು ಸಾಕು ಎಂದು ಹೇಳುವ ಹಕ್ಕು ನಮಗೆ ಬರುತ್ತದೆ.

ದಿನ ತುಂಬಿ ಹುಟ್ಟಿದ ಮಕ್ಕಳ ತಂದೆತಾಯಂದಿರೂ ಕಳೆಯುತ್ತಾರೆ, ಅದನ್ನು ಈಚೆಗೆ ಗಮನಿಸುತ್ತಿದ್ದೇನೆ. ಮೊದಲ ಮಗುವನ್ನು ಕಳೆದುಕೊಂಡ ಮೇಲೆ ಹುಟ್ಟಿದ ಮಗು, ಹತ್ತು ವರ್ಷದ ಚಿಕಿತ್ಸೆಯ ನಂತರ ಹುಟ್ಟಿದ ಮಗು, ಎರಡನೆಯ ವಯಸ್ಸಿನಲ್ಲಿ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದು ಬದುಕಿದ ಮಗು, ಇಂಥ ಮಕ್ಕಳ ವಯಸ್ಸು ಮನೆಯಲ್ಲಿ ಎಲ್ಲೋ ಒಂದು ಕಡೆ ನಿಂತಿರುತ್ತದೆ. ಕೆಲಸದ ಒತ್ತಡದಲ್ಲಿ ಮಗುವಿನ ಎರಡು ವರ್ಷಗಳನ್ನು ಕಾಣದೆ ಹೋದ ತಂದೆಯೂ ಆ ಎರಡು ವರ್ಷವನ್ನು ಕಳೆದೇ ಎಣಿಸುತ್ತಾನೆ, ಆರು ವರ್ಷದವನನ್ನು ಎತ್ತಿಕೊಂಡೇ ತಿರುಗುತ್ತಾನೆ. ಆದ್ದರಿಂದ ಈಗ ನಾನು ಹಠದ ದೂರು ತಂದವರಿಗೆ ಮಗುವಿನ ವಯಸ್ಸು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನಸ್ಸಿಗೆ ಮಗು ಎಷ್ಟು ವರ್ಷದ್ದಾಗಿ ಕಾಣುತ್ತದೆ? ಉತ್ತರ ಹೇಳುವಾಗ ಬಹಳ ಜನರ ದನಿ ಬದಲಾಗುತ್ತದೆ. ಓದುವವರು ಮಗುವಿನ ಮುಂದಿನ ಹುಟ್ಟುಹಬ್ಬದ ಹಿಂದಿನ ರಾತ್ರಿ, ಮಗು ಮಲಗಿದ ಮೇಲೆ, ಗಂಡಹೆಂಡತಿ ಪರಸ್ಪರ ಇದೇ ಪ್ರಶ್ನೆಯನ್ನು ಕೇಳಿಕೊಂಡು ನೋಡಬೇಕೆಂದು ನನ್ನ ಕೋರಿಕೆ.

ಸುಮಾ ಅವರು ಪುಸ್ತಕವನ್ನು ಪತಿಗೆ ಓದಿ ಹೇಳಲು ಮೂರು ರಾತ್ರಿ ಹಿಡಿಯಿತು. ತೂಕ 1,510ಕ್ಕೆ ಇಳಿದ ಪುಟದಲ್ಲಿ ಓದಲಾಗದೆ ನಿಂತಾಗ, ಮುಂದಿನ ಪುಟಗಳನ್ನು ಪತಿಯೇ ಓದಿದರಂತೆ. ಪುಟ್ಟಿಗೆ ಹೇಳಬೇಕಾಗಿದ್ದ ಮಾತನ್ನು ಹೇಳಿದಾಗ ಅವಳು ‘ಹೂಂ’ ಎಂದು ಆಟಕ್ಕೆ ಹೋದಳು, ಸಂಜೆ ಬಂದು ಆ ಫ್ರಾಕನ್ನು ತೆಗೆದುಕೊಡು ಎಂದು ಕೇಳಿದಳು. ಬರೆಯುವುದು ಒಮ್ಮೆಲೇ ನಿಂತಿಲ್ಲ. ಮಗುವಿಗೆ ಜ್ವರ ಬಂದ ವಾರ ಎರಡು ದಿನ ಬರೆದೆ ಎಂದು ಸಂಕೋಚದಿಂದ ಹೇಳಿದರು, ಜ್ವರ ಬಂದಾಗ ಬರೆಯುವುದು ಒಳ್ಳೆಯ ಅಭ್ಯಾಸವೇ ಎಂದೆ.

ಜೂನ್ ಎರಡನೆಯ ವಾರದ ಭೇಟಿಗೆ ಪುಟ್ಟಿಯೂ ಬಂದಿದ್ದಳು. ಶಾಲೆಯ ಅರ್ಜಿಯ ನಕಲನ್ನು ಸುಮಾ ನನಗೆ ತೋರಿಸಿದರು. ಜೂನ್ 1ಕ್ಕೆ ವಯಸ್ಸು ಎಂಬ ಜಾಗದಲ್ಲಿ ಏನನ್ನೋ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ 5 ವರ್ಷ 1 ತಿಂಗಳು 22 ದಿನ ಎಂದು ಬರೆದಿದ್ದರು. ಪುಟ್ಟಿ ಅಷ್ಟರಲ್ಲಿ ನೀರಿನ ಬಾಟಲಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಮುಚ್ಚಳ ತಿರುಗಿಸುತ್ತಿದ್ದಳು. ಅದು ಗಟ್ಟಿಯಾಗಿತ್ತು. ಮುಖ ಕೆಂಪಾಗಿಸಿಕೊಂಡು ಎರಡು ಸಲ ಪ್ರಯತ್ನಿಸಿದಳು. ಸುಮಾ ಅವರ ಬಲಗೈ ಮಡಿಲಿನಿಂದ ಮೇಲೆದ್ದು, ಅರ್ಧಕ್ಕೆ ಬಂದು, ಅರ್ಜಿಯ ಕಾಗದದ ಅಂಚನ್ನು ಹಿಡಿದುಕೊಂಡಿತು. ಮೂರನೆಯ ಸಲಕ್ಕೂ ಮುಚ್ಚಳ ಬರಲಿಲ್ಲ. ಪುಟ್ಟಿ ಬಾಟಲಿಯನ್ನು ಅಮ್ಮನ ಕಡೆಗೆ ಚಾಚಿ, ‘ಸ್ವಲ್ಪ ಸಡಿಲ ಮಾಡ್ಕೊಡು, ಪೂರ್ತಿ ತೆಗೀಬೇಡ’ ಎಂದಳು. ಅವರು ಸ್ವಲ್ಪ ಮಾತ್ರ ತಿರುಗಿಸಿ ಹಿಂದಕ್ಕೆ ಕೊಟ್ಟರು.